ಐರಣಿ ಹೊಳೆದಂಡೆಯ ಪಾನಕ ಪುರಾಣ

ಬೇಸಿಗೆ ಶುರುವಾಯ್ತು ಅಂದ್ರೆ ಸಾಕು, ಭಾನುವಾರದ ಪುರವಣಿಯಿಂದ ಹಿಡಿದು ಮೊಬೈಲಿನ ವಿಡಿಯೋವರೆಗೆ ಎಲ್ಲ ಕಡೆ ಒಂದೇ ಹಾಡು. "ಮನೆಯಲ್ಲೇ ಮಾಡಿ ನೋಡಿ, ಹಣ್ಣು ಮತ್ತು ಪುದೀನ ಹಾಕಿದ ಲೆಮನೇಡ್!" ನಿಂಬೆಹಣ್ಣಿನ ರಸ, ಒಂದಿಷ್ಟು ಹಣ್ಣಿನ ಹೋಳು, ನಾಲ್ಕು ಎಲೆ ಪುದೀನ, ಮೇಲೆ ಐಸು. ಪಾಪ, ರೆಸಿಪಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನೂ ಕುಡಿದಿದ್ದೇನೆ, ಚೆನ್ನಾಗಿಯೇ ಇರುತ್ತೆ. ತಕರಾರು ಇರೋದು ಅದರ ತಲೆಬರಹದ ಮೇಲೆ. ಎಲ್ಲರೂ ಅದಕ್ಕೆ 'ಹೊಸ ರುಚಿ' ಅಂತಾರಲ್ಲ, ಅದರ ಮೇಲೆ.

ಹಣ್ಣು, ಹುಳಿ, ಸೊಪ್ಪು, ಸಿಹಿ ನಾಲ್ಕನ್ನೂ ನೀರಿಗೆ ಹಾಕಿ ಬೇಸಿಗೆಯಲ್ಲಿ ಕುಡಿಯೋದು ನಮ್ಮ ಹೊಳೆದಂಡೆಯಲ್ಲಿ ಎಷ್ಟು ಹಳೇದು ಅಂತ ಹುಡುಕುತ್ತಾ ಹೋದೆ. ಹೋದವನು ಸಾವಿರ ವರ್ಷ ಹಿಂದಕ್ಕೆ ಹೋಗಿ ಕೂತೆ. ಆ ಕಥೆಯನ್ನೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆದೀತು, ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ಓದಿ :)

ನನ್ನ ಅವ್ವನ ತವರು ಐರಣಿ. ಗೊತ್ತಿಲ್ಲದವರಿಗೆ ಹೇಳ್ತೀನಿ - ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕು, ತುಂಗಭದ್ರೆಯ ಎಡದಂಡೆ. ಹೊಳೆಯ ಪಕ್ಕದಲ್ಲಿ ಒಂದು ಹಾಳು ಕೋಟೆ, ಒಂದು ಹೊಳೆಮಠ. ಮೇಲಕ್ಕೆ ಹೋದರೆ ಹರಿಹರ, ಹೊಳೆ ಹಿಡಿದು ಕೆಳಕ್ಕೆ ಹೋಗುತ್ತಾ ಇದ್ದರೆ ಎಷ್ಟೋ ದೂರದಲ್ಲಿ ಹಂಪಿ. ಏಪ್ರಿಲ್ ಬಂತು ಅಂದ್ರೆ ಹೊಳೆಯಲ್ಲಿ ನೀರಿಗಿಂತ ಉಸುಕೇ ಜಾಸ್ತಿ. ಇಂಥಾ ಊರಲ್ಲಿ ಬಾಯಾರಿಕೆಯ ಬಗ್ಗೆ ಯಾರೂ ಪುಸ್ತಕ ಓದಿ ಕಲಿಯಬೇಕಿಲ್ಲ.

ಇಲ್ಲಿ ಬೇಸಿಗೆಯ ಪಾನಕದ ಲೆಕ್ಕ ಶುರುವಾಗೋದು ನಿಂಬೆಯಿಂದ ಅಲ್ಲ, ಯುಗಾದಿಯಿಂದ. ಬೆಂಗಳೂರು-ಮೈಸೂರು ಕಡೆಯ ಗೆಳೆಯರಿಗೆ ಇದು ಆಶ್ಚರ್ಯ ಅನ್ನಿಸಬಹುದು. ನಿಮ್ಮಲ್ಲಿ ಬೇವು-ಬೆಲ್ಲ ಅಂದ್ರೆ ಅಂಗೈ ಮೇಲೆ ಒಂದು ಚಿಟಿಕೆ, ಮುಖ ಹುಳ್ಳಗೆ ಮಾಡ್ಕೊಂಡು ನುಂಗೋದು, ಮುಗೀತು. ನಮ್ಮ ಕಡೆ ಬೇವು ಅಂದ್ರೆ ಕುಡಿಯೋದು! ಹೊಸ ಗಡಿಗೆಯಲ್ಲಿ ನೀರು, ಅದಕ್ಕೆ ಬೆಲ್ಲ, ಹುಣಸೆಹುಳಿ, ತುರಿದ ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ, ಉತ್ತತ್ತಿ, ಕೆಲವರ ಮನೆಯಲ್ಲಿ ಬಾಳೆಹಣ್ಣು ಬೇರೆ. ಲೋಟಗಟ್ಟಲೆ ಕುಡೀತಾರೆ. ಮನೆಗೆ ಬಂದವರಿಗೆಲ್ಲ ಕೊಡ್ತಾರೆ. ಅಮ್ಮ (ನಮ್ಮಲ್ಲಿ ಅಜ್ಜಿಗೆ ಅಮ್ಮ ಅಂತೀವಿ, ತಾಯಿಗೆ ಅವ್ವ) ಬಾಗಿಲಲ್ಲಿ ಹೋಗೋರನ್ನೂ ಬಿಡ್ತಿರಲಿಲ್ಲ. "ತಮ್ಮಾ, ಬೇವು ಕುಡದು ಹೋಗೋ, ಹಂಗ ಹೊಂಟೀಯಲ್ಲ" ಅಂತ ಕೂಗಿ ಕರೀತಿದ್ದಳು. ಈಗ ನೀವೇ ಹೇಳಿ, ಹಣ್ಣು ಇದೆ, ಹುಳಿ ಇದೆ, ಔಷಧಿ ಗುಣದ ಹೂವಿದೆ, ಸಿಹಿ ಇದೆ, ಗಡಿಗೆಯ ತಂಪಿದೆ. ಇಂಗ್ಲಿಷಿನವರು 'ಫ್ರೂಟ್ ಅಂಡ್ ಹರ್ಬ್' ಅನ್ನೋದು ಇದನ್ನಲ್ಲದೆ ಇನ್ನೇನು?

ಯುಗಾದಿ ಆಗಿ ಎಂಟು-ಒಂಬತ್ತು ದಿನಕ್ಕೆ ರಾಮನವಮಿ. ಅವತ್ತಿನ ಪಾನಕ ರಾಜ್ಯಕ್ಕೆಲ್ಲ ಗೊತ್ತು. ಬೆಲ್ಲದ ನೀರಿಗೆ ಮೆಣಸು, ಒಣಶುಂಠಿ, ಏಲಕ್ಕಿ. ಆದರೆ ರಾಮನವಮಿಯ ಇನ್ನೊಂದು ಪಾನಕ ಇದೆ, ಅದೇ ಬೇಲದ ಹಣ್ಣಿನದು. ನಮ್ಮ ಕಡೆ ಬಳೂಲಹಣ್ಣು ಅಂತಾರೆ. ಮರದ ಚೆಂಡಿನ ಹಾಗೆ ಗಟ್ಟಿ ಸಿಪ್ಪೆ, ಒಡೆದರೆ ಒಳಗೆ ಕಂದು ಬಣ್ಣದ ತಿರುಳು, ಮನೆಯೆಲ್ಲ ಹರಡೋ ವಾಸನೆ. ಗಣಪತಿಯ ಶ್ಲೋಕದಲ್ಲಿ ಬರುವ ಕಪಿತ್ಥ ಇದೇ. ಈ ಹಣ್ಣಿನ ಬಗ್ಗೆ ಒಂದು ವಿಷಯ ಓದಿ ನಾನು ಕುರ್ಚಿಯಿಂದ ಎದ್ದು ಕೂತಿದ್ದೆ. ಸಸ್ಯಗಳಿಗೆಲ್ಲ ಲ್ಯಾಟಿನ್ ಹೆಸರಿಟ್ಟ ಸ್ವೀಡನ್ನಿನ ಲಿನ್ನೇಯಸ್ ಈ ಮರಕ್ಕೆ ಕೊಟ್ಟ ಹೆಸರು 'ಲಿಮೋನಿಯಾ ಆಸಿಡಿಸ್ಸಿಮಾ'. ಲಿಮೋನಿಯಾ ಅಂದ್ರೆ ನಿಂಬೆಯ ಜಾತಿಯದು, ಆಸಿಡಿಸ್ಸಿಮಾ ಅಂದ್ರೆ ಭಾರೀ ಹುಳಿ. ಅದು ಬರೀ ಹೆಸರಿನ ಮಾತಲ್ಲ. ಬೇಲ, ಬಿಲ್ವ, ನಿಂಬೆ, ಕಿತ್ತಳೆ, ಕೊನೆಗೆ ನಮ್ಮ ಕರಿಬೇವು ಕೂಡ, ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ರುಟೇಸಿ ಅಂತ ಆ ಕುಟುಂಬದ ಹೆಸರು. ಬೇಲದ ಎಲೆ ಕಿವುಚಿ ಮೂಸಿ ನೋಡಿ, ದಾಯಾದಿತನ ಗೊತ್ತಾಗುತ್ತೆ. ಅಂದರೆ ನಿಂಬೆಯ ಪಾನಕ ಊರೂರಿಗೆ ಮಾಮೂಲಿ ಆಗೋದಕ್ಕೆ ಮುಂಚೆ ನಾವು ಕುಡೀತಿದ್ದದ್ದು ನಿಂಬೆಯ ಅಣ್ಣನ ಪಾನಕ!

ಹಾಗಾದ್ರೆ ನಿಂಬೆ ಯಾವಾಗ ಬಂತು? ಇಲ್ಲಿ ಸ್ವಲ್ಪ ನಿಧಾನಿಸಬೇಕು. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಿಂಬೆ-ಕಿತ್ತಳೆಗಳ ಮೂಲ ತವರು ಹಿಮಾಲಯದ ಆಗ್ನೇಯ ತಪ್ಪಲು, ಸುಮಾರು 80 ಲಕ್ಷ ವರ್ಷದ ಹಿಂದಿನ ಮಾತು. ನಾವು ಶರಬತ್ತಿಗೆ ಹಿಂಡುವ ತೆಳು ಸಿಪ್ಪೆಯ ಸಣ್ಣ ಲಿಂಬಿ ಇದೆಯಲ್ಲ, ಅದೊಂದು ಮಿಶ್ರ ತಳಿ. ಅದರ ತಂದೆ-ತಾಯಿಗಳಲ್ಲಿ ಒಬ್ಬರು ಮಾದಲ. ಮಾದಲ ಗೊತ್ತಲ್ಲ? ಉಬ್ಬುತಗ್ಗಿನ ದಪ್ಪ ಸಿಪ್ಪೆಯ ದೊಡ್ಡ ಹಣ್ಣು. ಸಂಸ್ಕೃತದಲ್ಲಿ ಮಾತುಲುಂಗ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರೋದು ಅದೇ, ಲಕುಲೀಶನ ಶಿಲ್ಪಗಳಲ್ಲಿ ಕಾಣೋದೂ ಅದೇ. ಸಣ್ಣ ನಿಂಬೆ ಎಲ್ಲೆಲ್ಲೂ ಹಬ್ಬಿದ ಮೇಲೆ ಮಾದಲವನ್ನು ಕೇಳೋರಿಲ್ಲ. ಸಂತೆಯಲ್ಲಿ ಕಾಣೋದೂ ಅಪರೂಪ. ಮಗ ದೊಡ್ಡ ಸಾಹುಕಾರ ಆದ ಮೇಲೆ ಅಪ್ಪ ಜಗಲಿ ಮೇಲೆ ಕೂತ ಹಾಗೆ.

ಈಗ ಪುಸ್ತಕಗಳ ಕಡೆ ಬರೋಣ. ಐರಣಿ ಸೀಮೆಯೆಲ್ಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲ. ಆ ವಂಶದ ಮೂರನೇ ಸೋಮೇಶ್ವರ, ವಿಕ್ರಮಾದಿತ್ಯನ ಮಗ, ಯುದ್ಧಕ್ಕಿಂತ ಊಟ-ಓದಿನಲ್ಲಿ ಆಸಕ್ತಿ ಇದ್ದವನು ಅಂತ ಕಾಣುತ್ತೆ (ನನಗೆ ಅವನ ಮೇಲೆ ಅಭಿಮಾನ). ಅವನು ಸಂಸ್ಕೃತದಲ್ಲಿ ಬರೆಸಿದ, ಅಥವಾ ಬರೆದ, 'ಮಾನಸೋಲ್ಲಾಸ' 1129ರ ಸುಮಾರಿನದು. ರಾಜನ ಸುಖಗಳನ್ನು ಪಟ್ಟಿ ಮಾಡುವಾಗ ಅನ್ನಭೋಗದ ಪಕ್ಕದಲ್ಲೇ ಪಾನೀಯಭೋಗ ಅಂತ ಒಂದು ಭಾಗ ಇಟ್ಟಿದ್ದಾನೆ. ನೀರು ಕುಡಿಯೋದೂ ಒಂದು ಭೋಗ! ಯಾವ ಋತುವಿನಲ್ಲಿ ಯಾವ ನೀರು, ಅದನ್ನು ತಿಳಿಗೊಳಿಸೋದು ಹೇಗೆ, ಹೂವಿನ ಪರಿಮಳ ಕೂಡಿಸೋದು ಹೇಗೆ ಅಂತೆಲ್ಲ ಬರುತ್ತೆ. ಪಾನಕದ ವಿಷಯವೂ ಇದೆ. ಹುಳಿ ಹಾಕಿ ಹಾಲು ಒಡೆಸಿ, ಆ ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಏಲಕ್ಕಿ ಸೇರಿಸಿ ಮಾಡೋ ಒಂದು ಪಾನಕ ಇದೆ. ಪನೀರು ಮಾಡಿ ನೀರು ಚೆಲ್ಲೋ ಇಂದಿನ ಅಡಿಗೆಮನೆಗಳು ಇದನ್ನೊಮ್ಮೆ ಓದಬೇಕು.

ಅದಕ್ಕೂ ನೂರು ವರ್ಷ ಮುಂಚೆ, 1025ರ ಸುಮಾರಿಗೆ, ಇದೇ ಚಾಲುಕ್ಯರ ಕಾಲದಲ್ಲಿ ಎರಡನೇ ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಜ್ಯೋತಿಷ್ಯ, ಬಾವಿ ತೋಡೋಕೆ ನೀರು ಹುಡುಕೋದು, ಗಿಡಗಳ ಆರೈಕೆ, ಸುಗಂಧ, ಅಡಿಗೆ... ಹೆಸರಿಗೆ ತಕ್ಕ ಹಾಗೆ ಲೋಕಕ್ಕೆ ಬೇಕಾದ್ದೆಲ್ಲ. ಆಮೇಲೆ 1508ರ ಸುಮಾರಿಗೆ ಕಲ್ಲಹಳ್ಳಿಯ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಅಡಿಗೆ ಪುಸ್ತಕ, ಅದೂ ವಾರ್ಧಕ ಷಟ್ಪದಿಯಲ್ಲಿ! ತಿಂಡಿಗಳಿಗೆ ಒಂದು ಅಧ್ಯಾಯ, ಅದರ ಹಿಂದೆಯೇ ಪಾನಕಗಳಿಗೆ ಒಂದು ಅಧ್ಯಾಯ. ಬದನೆಕಾಯಿ, ಹಲಸು ಎಲ್ಲ ಆಮೇಲೆ. ಐನೂರು ವರ್ಷದ ಹಿಂದೆ ಕನ್ನಡದ ಒಬ್ಬ ಕವಿಗೆ ಪಾನಕ ಅನ್ನೋದು ಛಂದಸ್ಸಿನಲ್ಲಿ ಕೂರಿಸುವಷ್ಟು ದೊಡ್ಡ ವಿಷಯ ಆಗಿತ್ತು.

ಮಂಗರಸ ಬರೆದು ಹತ್ತು-ಹನ್ನೆರಡು ವರ್ಷಕ್ಕೆ, 1520ರ ಸುಮಾರಿಗೆ, ಪೋರ್ಚುಗೀಸರ ಡೊಮಿಂಗೋ ಪಾಯಸ್ ಹಂಪಿಗೆ ಬಂದ. ಐರಣಿ ಮುಂದೆ ಹರಿದ ನೀರೇ ಹಂಪಿ ಮುಂದೆ ಹರಿಯೋದು ಅನ್ನೋದು ನೆನಪಿರಲಿ. ಕೃಷ್ಣದೇವರಾಯನ ಪೇಟೆ ನೋಡಿ ಪಾಯಸ್ ಬೆರಗಾದ ಸಂಗತಿಗಳಲ್ಲಿ ವಜ್ರ-ಮುತ್ತುಗಳ ಕಥೆ ಎಲ್ಲರೂ ಹೇಳ್ತಾರೆ. ಆದರೆ ಅವನು ನಿಂಬೆಹಣ್ಣಿನ ಬಗ್ಗೆಯೂ ಬರೆದಿದ್ದಾನೆ. ದಿನಾ ಹೇರುಗಟ್ಟಲೆ ನಿಂಬೆ ಬಂದು ಬೀಳುತ್ತೆ, ಅದರ ಮುಂದೆ ತಮ್ಮೂರಿನ ಪೋವೋಸ್‌ನ ನಿಂಬೆ ಏನೇನೂ ಅಲ್ಲ ಅಂತ. ಸಿಹಿ ಮತ್ತು ಹುಳಿ ಎರಡೂ ಥರದ ಕಿತ್ತಳೆ ಬೇರೆ ಬರ್ತಿತ್ತಂತೆ. ಮಳೆ ಕಡಿಮೆಯ, ಬಂಡೆಗಳ ನಡುವಿನ ಆ ಪಟ್ಟಣಕ್ಕೆ ಅಷ್ಟು ನಿಂಬೆ ಬರ್ತಿತ್ತು ಅಂದ್ರೆ ತುಂಗಭದ್ರೆಯಿಂದ ತೆಗೆದ ಕಾಲುವೆಗಳ ಕೈವಾಡ ಇದ್ದೇ ಇರಬೇಕು ಅಂತ ನನ್ನ ಅನಿಸಿಕೆ. ಅದೇ ಹೊತ್ತಿಗೆ ಉತ್ತರದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹುಳಿಹಣ್ಣುಗಳನ್ನು ಒಂದೊಂದಾಗಿ ವರ್ಣಿಸ್ತಾ ಕೂತಿದ್ದ. ನಿಂಬೆ ಕೋಳಿಮೊಟ್ಟೆ ಗಾತ್ರದ್ದು ಅಂತ ಬರೆದಿದ್ದಾನೆ. ಖರಬೂಜ ಸಿಗಲ್ಲ, ಐಸ್ ಸಿಗಲ್ಲ ಅಂತ ಗೊಣಗಿದ ಮನುಷ್ಯನೂ ನಿಂಬೆಗೆ ಜಾಗ ಕೊಟ್ಟ.

ಆಮೇಲೆ ಬಂದವರು ಇಂಗ್ಲಿಷರು. ಇವರ ಕೈಯಲ್ಲಿ ನಮ್ಮ ಪಾನಕಕ್ಕೆ ಆದ ಗತಿಯೇ ಬೇರೆ. ಸಾರಾಯಿ, ನಿಂಬೆರಸ, ಸಕ್ಕರೆ, ಮಸಾಲೆ, ನೀರು ಐದೂ ಬೆರೆಸಿ ಕುಡಿಯೋಕೆ ಶುರು ಮಾಡಿದರು. ಹೆಸರು 'ಪಂಚ್'. 1670ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ನಮ್ಮ ಕಾರವಾರದಲ್ಲೂ ಇದ್ದು ಹೋದ ಜಾನ್ ಫ್ರಯರ್, ಈ ಹೆಸರು ಬಂದಿದ್ದು 'ಪಂಚ'ದಿಂದ, ಅಂದ್ರೆ ಐದು ಪದಾರ್ಥದಿಂದ ಅಂತ ಬರೆದಿಟ್ಟಿದ್ದಾನೆ. ಪೀಪಾಯಿಗೆ ಇರೋ ಇಂಗ್ಲಿಷ್ ಹೆಸರಿಂದ ಬಂತು ಅನ್ನೋ ಪಂಡಿತರೂ ಇದ್ದಾರೆ, ಇರಲಿ ಬಿಡಿ. ಪಾನಕಕ್ಕೆ ಸಾರಾಯಿ ಸುರಿದರೆ ಪಂಚ್, ಪಂಚ್‌ನಿಂದ ಸಾರಾಯಿ ತೆಗೆದರೆ ಮತ್ತೆ ಪಾನಕ, ಇಷ್ಟೇ ನನ್ನ ಗಣಿತ.

ಇಂಗ್ಲಿಷರು ಐರಣಿಗೂ ಬಂದರು, ಪಾನಕ ಕುಡಿಯೋಕಲ್ಲ. 1800ರ ಜೂನಿನಲ್ಲಿ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಆರ್ಥರ್ ವೆಲ್ಲೆಸ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದ. ಐರಣಿ ಕೋಟೆ ಅವನ ವಶ ಆಯ್ತು, ರಾಣೆಬೆನ್ನೂರು ಕೋಟೆ ಮುತ್ತಿಗೆಗೆ ಬಿತ್ತು, ಸೆಪ್ಟೆಂಬರಿನಲ್ಲಿ ಧೋಂಡಿಯಾ ಸತ್ತ. ಹದಿನೈದು ವರ್ಷ ಆದ ಮೇಲೆ ಇದೇ ವೆಲ್ಲೆಸ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಐರಣಿಯ ಹುಡುಗರು ಇತಿಹಾಸದ ಪರೀಕ್ಷೆಗೆ ವಾಟರ್ಲೂ ಬಾಯಿಪಾಠ ಮಾಡ್ತಾರೆ, ಆ ದಂಡು ತಮ್ಮೂರ ಹೊಳೆದಂಡೆ ತುಳಿದಿದ್ದು ಅವರಿಗೆ ಯಾರೂ ಹೇಳೋಲ್ಲ.

ಮುಂದಿನ ನೂರೈವತ್ತು ವರ್ಷ ಬೇಗ ಹೇಳಿ ಮುಗಿಸ್ತೀನಿ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಐಸ್ ಗಡ್ಡೆ ಕಲ್ಕತ್ತೆಗೆ ಬಂತು. ತಂಪು ಅಂದ್ರೆ ಗಡಿಗೆಯ ತಂಪು ಅನ್ನೋ ಕಾಲ ದೊಡ್ಡವರ ಮನೆಗಳಲ್ಲಿ ಮುಗೀತು. 1870ರ ದಶಕದ ಶುರುವಿನಲ್ಲಿ ಲಂಡನ್ನಿನ ಹೈರಮ್ ಕಾಡ್ ಅನ್ನೋನು ಕುತ್ತಿಗೆಯಲ್ಲಿ ಗೋಲಿ ಇರೋ ಬಾಟಲಿಗೆ ಪೇಟೆಂಟ್ ಪಡೆದ. ಅದೇ ನಮ್ಮ ಗೋಲಿಸೋಡ. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತೆ, ಬುದ್ಧಿವಂತ ಮನುಷ್ಯ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಬಿಳಿ ಸಕ್ಕರೆ ಅಗ್ಗ ಆಗುತ್ತಾ ಬಂದ ಹಾಗೆ ಬೆಲ್ಲದ ಪಾನಕ 'ಹಳ್ಳಿಯದು', ಸಕ್ಕರೆ ಹಾಕಿದ ಲಿಂಬಿ ಶರಬತ್ತು 'ಮರ್ಯಾದೆಯದು' ಆಯ್ತು. ನಮ್ಮ ಮನೆಯಲ್ಲೂ ಬೀಗರು ಬಂದರೆ ಸಕ್ಕರೆಯ ಶರಬತ್ತು, ನಮಗೆ ಬೆಲ್ಲದ್ದು. ಲಿಂಬಿಯೂ ಅಗ್ಗವಾಗೇ ಸಿಗ್ತಿತ್ತು, ವಿಜಯಪುರ ಜಿಲ್ಲೆಯ ಇಂಡಿ ಸೀಮೆ ಇವತ್ತಿಗೂ ಅದಕ್ಕೆ ಹೆಸರುವಾಸಿ. ಅಲ್ಲಿಯ ಲಿಂಬಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಇಷ್ಟೆಲ್ಲ ಓದುವಾಗ ನನ್ನನ್ನು ಬಹಳ ಕಾಡಿದ್ದು ರುಚಿಯ ಇತಿಹಾಸ ಅಲ್ಲ, ದುಡ್ಡಿನ ಇತಿಹಾಸ. ಬೇಸಿಗೆಯಲ್ಲಿ ದಾರಿಹೋಕನಿಗೆ ಕುಡಿಯೋಕೆ ಯಾರು ಕೊಡ್ತಿದ್ದರು? ಹಳೇ ಶಾಸನಗಳಲ್ಲಿ ಮತ್ತೆ ಮತ್ತೆ ಒಂದು ಪದ ಬರುತ್ತೆ, ಅರವಟ್ಟಿಗೆ. ಹಳಗನ್ನಡದ 'ಱ' ಹಾಕಿ ಅಱವಟ್ಟಿಗೆ. ಅಱ ಅಂದ್ರೆ ಧರ್ಮ. ದಾರಿಬದಿಯ ಚಪ್ಪರ, ಅದರಲ್ಲಿ ನೀರಿನ ಗಡಿಗೆ, ನೀರು ಕೊಡೋಕೆ ಒಬ್ಬ ಆಳು. ಅದು ನಡೆಯಲಿ ಅಂತ ಭೂಮಿ ದತ್ತಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸ್ತಿದ್ದರು. ಕೆರೆ, ಬಾವಿ, ದೇವಸ್ಥಾನ, ಛತ್ರಗಳ ಸಾಲಿನಲ್ಲೇ ಅರವಟ್ಟಿಗೆ. ಯೋಚನೆ ಮಾಡಿ, ಒಂದು ಲೋಟ ನೀರಿಗಾಗಿ ಕಲ್ಲಿನ ಮೇಲೆ ಅಕ್ಷರ! ರಾಮನವಮಿಗೆ ಬೀದಿಯಲ್ಲಿ ನಿಂತು ಪಾನಕ-ಕೋಸಂಬರಿ ಹಂಚೋದು ಆ ಅರವಟ್ಟಿಗೆಯ ಉಳಿದ ಒಂದು ಚೂರು ಅಂತ ನನಗನ್ನಿಸುತ್ತೆ. ಅಮ್ಮ ಬಾಗಿಲಲ್ಲಿ ನಿಂತು ಬೇವು ಕುಡಿಯೋಕೆ ಕೂಗ್ತಿದ್ದದ್ದೂ ಅದೇ. ಇದೇ ತಾಲ್ಲೂಕಿನ, ಇದೇ ಹೊಳೆಯ ದಂಡೆಯ ಚೌಡಯ್ಯದಾನಪುರದಲ್ಲಿ ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ನೆನಪಿದೆ. ಹೊಳೆ ದಾಟಿಸೋದೇ ಕಸುಬಾಗಿದ್ದವನು. ದಾಟಿ ಬಂದವರಿಗೆ ದಂಡೆಯಲ್ಲಿ ಒಂದು ಗಡಿಗೆ ಕಾದಿರುತ್ತಿದ್ದ ಕಾಲ ಅದು.

ಇನ್ನು ಆ ಗಡಿಗೆಯೊಳಗಿನ ನೀರು. ಪಾನಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ತಾನೆ? ಹಣ್ಣು ಎಷ್ಟೇ ಒಳ್ಳೇದಿರಲಿ, ನೀರು ಕೆಟ್ಟರೆ ಪಾನಕ ಕೆಟ್ಟಂತೆ. ಸೋಮೇಶ್ವರನಿಗೆ ಇದು ಗೊತ್ತಿತ್ತು, ಅದಕ್ಕೇ ಪಾನೀಯಭೋಗದಲ್ಲಿ ನೀರನ್ನು ತಿಳಿಗೊಳಿಸೋ ಮಾತು. 1970ರ ದಶಕದ ನಂತರ ಹರಿಹರದ ಎದುರು ದಂಡೆಯಲ್ಲಿ ಕೈಗಾರಿಕೆ ಬೆಳೀತು. 1980ರ ದಶಕದಲ್ಲಿ ಹೊಳೆಯ ಕೆಳಗಿನ ಹಳ್ಳಿಗಳಿಂದ ದೂರು ಬಂತು. ನೀರಿನ ಬಣ್ಣ ಬದಲಾಗಿದೆ, ಮೀನು ಸಾಯ್ತಿವೆ, ಮೈ ತುರಿಕೆ ಅಂತ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಕೆಲಸ ಶುರು ಮಾಡಿದ್ದ ಎಸ್.ಆರ್. ಹಿರೇಮಠರೂ ಅವರ ಸಮಾಜ ಪರಿವರ್ತನ ಸಮುದಾಯವೂ ಊರವರ ಜೊತೆ ನಿಂತು ತುಂಗಭದ್ರೆಗಾಗಿ ಹೋರಾಡಿದ್ದು ಕರ್ನಾಟಕದ ಪರಿಸರ ಚಳವಳಿಯ ದೊಡ್ಡ ಅಧ್ಯಾಯ. ಅದನ್ನು ಇಲ್ಲಿ ಪೂರ್ತಿ ಬರೆಯೋಕಾಗಲ್ಲ, ಅದಕ್ಕೇ ಬೇರೆ ಲೇಖನ ಬೇಕು. ನಮ್ಮ ಮನೆಯ ಮಟ್ಟಿಗೆ ಹೇಳೋದಾದರೆ, ಹೊಳೆಯಿಂದ ಕೊಡ ತುಂಬಿ ತಂದು ಹಾಗೇ ಪಾನಕಕ್ಕೆ ಸುರಿಯೋದು ಅಮ್ಮನ ಕಾಲಕ್ಕೇ ಮುಗೀತು. ಈಗ ನಾಣ್ಯ ಹಾಕಿದರೆ ನೀರು ಬಿಡೋ ಘಟಕಗಳಿವೆ. ಕಲ್ಲಿನ ಮೇಲೆ ಅಕ್ಷರ ಕೆತ್ತಿಸಿ ಪುಕ್ಕಟೆ ಕೊಟ್ಟ ನೀರಿಗೆ ಈಗ ನಾಣ್ಯ. ಬೈಯೋಕೆ ಅಂತ ಹೇಳ್ತಿಲ್ಲ, ಶುದ್ಧ ನೀರು ಸಿಗ್ತಿದೆಯಲ್ಲ ಅನ್ನೋ ಸಮಾಧಾನವೂ ನಿಜ. ಆದರೂ ಲೆಕ್ಕ ಹಾಕುವಾಗ ಗಂಟಲು ಒಣಗುತ್ತೆ.

ಇಷ್ಟು ಪುರಾಣ ಹೇಳಿ ಪಾನಕ ಕೊಡದೆ ಕಳಿಸಿದರೆ ಅಮ್ಮ ಬೈತಾಳೆ. ನಮ್ಮ ಮನೆಯಲ್ಲಿ ಈಗ ಮಾಡೋದು ಬೇಲ ಮತ್ತು ಲಿಂಬಿ, ಅಣ್ಣ-ತಮ್ಮ ಇಬ್ಬರನ್ನೂ ಒಂದೇ ಗಡಿಗೆಗೆ ಹಾಕಿ. ಆರು ಲೋಟಕ್ಕೆ ಒಂದು ಚೆನ್ನಾಗಿ ಹಣ್ಣಾದ ಬೇಲ ಸಾಕು. ಕೊಳ್ಳುವಾಗ ಮೂಗಿಗೆ ಹಿಡಿದು ನೋಡಿ, ಸಿಪ್ಪೆಯ ಮೇಲಿಂದಲೇ ವಾಸನೆ ಬರಬೇಕು. ಬರದಿದ್ದರೆ ಇನ್ನೂ ಕಾಯಿ. ನೆಲಕ್ಕೆ ಕುಟ್ಟಿ ಒಡೆದು ತಿರುಳು ತೆಗೆದು ಒಂದೂವರೆ ಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಯಿಂದ ಕಿವುಚಿ, ಬೀಜ-ನಾರು ಸೋಸಿ ತೆಗೀರಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಒಗರು-ಕಹಿ ಬಿಡುತ್ತೆ. ಸುಮಾರು 150 ಗ್ರಾಂ ಬೆಲ್ಲ ಬೇರೆ ಪಾತ್ರೆಯಲ್ಲಿ ಕರಗಿಸಿ, ಅದನ್ನೂ ಸೋಸಲೇಬೇಕು, ಬೆಲ್ಲದಲ್ಲಿ ಉಸುಕು ಇದ್ದೇ ಇರುತ್ತೆ. ಎರಡನ್ನೂ ಕೂಡಿಸಿ, ನಾಲ್ಕು ಏಲಕ್ಕಿ, ಆರೇಳು ಕಾಳು ಮೆಣಸು ಕುಟ್ಟಿ ಹಾಕಿ, ಚಿಟಿಕೆ ಉಪ್ಪು. ಎಂಟು-ಹತ್ತು ಎಲೆ ತುಳಸಿ ಅಥವಾ ಪುದೀನ ಅಂಗೈಯಲ್ಲಿ ತಟ್ಟಿ ಹಾಕಿದರೆ ಸಾಕು, ಅರೆಯೋದು ಬೇಡ. ಕಾಮಕಸ್ತೂರಿ ಬೀಜ ಒಂದು ಚಮಚ, ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿಟ್ಟದ್ದು. ಲಿಂಬಿ ಎರಡು, ಅದನ್ನು ಹಿಂಡೋದು ಎಲ್ಲಕ್ಕಿಂತ ಕೊನೆಗೆ, ಕುಡಿಯೋ ಹೊತ್ತಿಗೆ. ಮೊದಲೇ ಹಿಂಡಿಟ್ಟರೆ ಪರಿಮಳ ಹಾರಿ ಬರೀ ಹುಳಿ ಉಳಿಯುತ್ತೆ. ತಾಮ್ರ-ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಬಿಡುತ್ತೆ. ಐಸ್ ಬದಲು ಹೊಸ ಮಣ್ಣಿನ ಗಡಿಗೆಯಲ್ಲಿ ಹಾಕಿ, ಮೇಲೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡಿ. ಗಡಿಗೆಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ಶಾಖ ಎಳೆದುಕೊಳ್ಳುತ್ತೆ, ಅಷ್ಟೇ ಅದರ ಗುಟ್ಟು. ಹೊಸ ಗಡಿಗೆ ಆದರೆ ಮಣ್ಣಿನ ವಾಸನೆಯೂ ಸ್ವಲ್ಪ ಸೇರುತ್ತೆ, ನನಗೆ ಅದೇ ಇಷ್ಟ.

ಕಷ್ಟ ಇರೋದು ಬೇಲದ ಹಣ್ಣು ಸಿಗೋದರಲ್ಲಿ. ಹೊಲದ ಬದುವಿನಲ್ಲಿ ತಾನಾಗೇ ಬೆಳೆದ ಮರ ಅದು, ಯಾರೂ ನೆಟ್ಟಿದ್ದಲ್ಲ, ಹಾಗಾಗಿ ಕಡಿಯೋವಾಗ ಯಾರೂ ಲೆಕ್ಕ ಇಟ್ಟಿಲ್ಲ. ನಮ್ಮ ಮಾವನ ಹೊಲದಲ್ಲಿ ಒಂದಿದೆ, ಹಣ್ಣು ತಾವಾಗೇ ಉದುರಿದ ಮೇಲೇ ಆರಿಸೋದು. ಮಂಗಗಳಿಗೂ ಅದರ ಮೇಲೆ ಕಣ್ಣು, ಕಪಿತ್ಥ ಅಂತ ಹೆಸರು ಸುಮ್ಮನೆ ಬರಲಿಲ್ಲವಲ್ಲ. ನಿಮ್ಮೂರಿನಲ್ಲಿ ಬೇಲದ ಮರ ಇನ್ನೂ ಇದ್ದರೆ, ಅದಕ್ಕೆ ನಿಮ್ಮ ಕಡೆ ಏನು ಹೆಸರು, ಪಾನಕಕ್ಕೆ ಮೆಣಸು ಹಾಕ್ತೀರೋ ಶುಂಠಿಯೋ, ಊರಿನ ಹೆಸರಿನ ಜೊತೆ ಬರೆದು ತಿಳಿಸಿ. ಮಾದಲದ ಗಿಡ ಇಟ್ಟುಕೊಂಡವರು ಯಾರಾದರೂ ಇದ್ದರೆ ಅವರು ಮೊದಲು ಬರೀರಿ, ನನಗೆ ಒಂದು ಸಸಿ ಬೇಕಾಗಿದೆ.